ಟರ್ಬೊ ಕೂರಿಸುವ ಮೊದಲು ಹಳೇ ಎಂಜಿನ್‌ನ ನಾಡಿ ನೋಡಿ

ಲಕ್ಷ ಕಿಲೋಮೀಟರ್ ದಾಟಿದ ಪೆಟ್ರೋಲ್ ಎಂಜಿನ್ ತನ್ನ ಕಾಯಿಲೆಗಳನ್ನು ಚೆನ್ನಾಗಿಯೇ ಮುಚ್ಚಿಟ್ಟುಕೊಳ್ಳುತ್ತದೆ. ಪಿಸ್ಟನ್ ಸುತ್ತಲಿನ ರಿಂಗ್ ಅಷ್ಟಿಷ್ಟು ಸವೆದಿರುತ್ತದೆ, ಒಂದು ವಾಲ್ವ್ ಸೀಟಿನ ಮೇಲೆ ಸರಿಯಾಗಿ ಕೂರುತ್ತಿರುವುದಿಲ್ಲ, ಬ್ಲಾಕಿಗೂ ಅದರ ಮೇಲಿನ ಹೆಡ್‌ಗೂ ನಡುವಿನ ಹೆಡ್ ಗ್ಯಾಸ್ಕೆಟ್ ಹೇಗೋ ದಿನ ದೂಡುತ್ತಿರುತ್ತದೆ. ಆದರೂ ಗಾಡಿ ಓಡುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಎಕ್ಸಾಸ್ಟ್ ಗ್ಯಾಸಿನ ಬಲದಲ್ಲಿ ತಿರುಗಿ ಎಂಜಿನ್‌ಗೆ ಗಾಳಿ ಒತ್ತುವ ಟರ್ಬೊ ಕೂರಿಸಿ, 0.5 ಬಾರ್ ಬೂಸ್ಟ್ (ವಾತಾವರಣದ್ದಕ್ಕಿಂತ ಹೆಚ್ಚುವರಿ ಒತ್ತಡ) ಕೊಟ್ಟ ದಿನ ಇವೆಲ್ಲ ಒಟ್ಟಿಗೇ ಬಯಲಿಗೆ ಬೀಳುತ್ತವೆ. ಆಗ ಬೈಗುಳ ತಿನ್ನುವುದು ಮಾತ್ರ ಟರ್ಬೊ.

ಹಾಗಾಗಿ ಕೆಲಸ ಶುರುವಾಗಬೇಕಾದ್ದು ಸ್ಪ್ಯಾನರ್‌ನಿಂದಲ್ಲ, ಗೇಜಿನಿಂದ. ಮುಂದಿನ ಲೆಕ್ಕಕ್ಕೆಲ್ಲ ಒಂದೇ ಎಂಜಿನ್ ಇಟ್ಟುಕೊಳ್ಳೋಣ: ನಾಲ್ಕು ಸಿಲಿಂಡರ್, 1600 ಸಿಸಿ, ಬೋರ್ (ಸಿಲಿಂಡರಿನ ವ್ಯಾಸ) 81 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 77.6 ಮಿ.ಮೀ., ಕಂಪ್ರೆಶನ್ ರೇಶಿಯೊ (ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬುದು) 10.5, ಪೋರ್ಟ್ ಇಂಜೆಕ್ಷನ್, ಸುಮಾರು 110 ಎಚ್‌ಪಿ. ಗುರಿ 0.5 ಬಾರ್ ಬೂಸ್ಟ್, 155ರಿಂದ 160 ಎಚ್‌ಪಿ. ನಿಮ್ಮ ಎಂಜಿನ್ ಬೇರೆಯದಾದರೆ ಅಂಕಿ ಬದಲಾಗುತ್ತದೆ, ಲೆಕ್ಕದ ದಾರಿ ಬದಲಾಗುವುದಿಲ್ಲ.

ಕಂಪ್ರೆಶನ್ ಟೆಸ್ಟ್, ಸರಿಯಾಗಿ

ಇದನ್ನು ಎಲ್ಲರೂ ಮಾಡುತ್ತಾರೆ, ಅರ್ಧಕ್ಕರ್ಧ ಜನ ತಪ್ಪಾಗಿ ಮಾಡುತ್ತಾರೆ. ಎಂಜಿನ್ ಓಡಿ ಬಿಸಿಯಾಗಿರಬೇಕು. ನಾಲ್ಕೂ ಪ್ಲಗ್ ಬಿಚ್ಚಿರಬೇಕು, ಅಳೆಯುವ ಸಿಲಿಂಡರಿನದು ಮಾತ್ರವಲ್ಲ. ಫ್ಯೂಯಲ್ ಪಂಪ್ ರಿಲೇ ಕಿತ್ತು, ಇಗ್ನಿಷನ್ ಕಾಯಿಲ್‌ಗಳ ಕನೆಕ್ಟರ್ ತೆಗೆದಿರಬೇಕು. ಬ್ಯಾಟರಿ ಪೂರ್ತಿ ಚಾರ್ಜ್ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಥ್ರಾಟಲ್ ಪೂರ್ತಿ ತೆರೆದಿರಬೇಕು. ಥ್ರಾಟಲ್ ಮುಚ್ಚಿಟ್ಟು ಕ್ರ್ಯಾಂಕ್ ಮಾಡಿದರೆ ಸಿಲಿಂಡರಿಗೆ ಗಾಳಿಯೇ ಸಿಗದೆ ಒಳ್ಳೆಯ ಎಂಜಿನ್ ಕೂಡ ಸತ್ತಂತೆ ತೋರುತ್ತದೆ.

ಮುಳ್ಳು ಮೇಲೇರುವ ರೀತಿಯನ್ನು ನೋಡಿ, ಕೊನೆಯ ಅಂಕಿಯನ್ನು ಮಾತ್ರ ಬರೆದುಕೊಳ್ಳಬೇಡಿ. ಒಳ್ಳೆಯ ಸಿಲಿಂಡರ್ ಮೊದಲ ಹೊಡೆತಕ್ಕೇ ಅರ್ಧಕ್ಕಿಂತ ಹೆಚ್ಚು ಏರಿ, ಐದಾರು ಹೊಡೆತದಲ್ಲಿ ನಿಲ್ಲುತ್ತದೆ. ರಿಂಗ್ ಸೋತ ಸಿಲಿಂಡರ್ ಮೆಟ್ಟಿಲು ಹತ್ತುವ ಮುದುಕನ ಹಾಗೆ ಒಂದೊಂದೇ ಹೆಜ್ಜೆ ಏರುತ್ತದೆ, ಕೊನೆಯ ಅಂಕಿ ಮಾತ್ರ ಪರವಾಗಿಲ್ಲ ಅನ್ನಿಸುತ್ತದೆ. ಪ್ರತಿ ಸಿಲಿಂಡರಿಗೂ ಅಷ್ಟೇ ಹೊಡೆತ ಎಣಿಸಿ.

ಆರೋಗ್ಯವಾಗಿರುವ ಇಂಥ ಎಂಜಿನ್ ಸಾಮಾನ್ಯವಾಗಿ 150ರಿಂದ 200 ಪಿಎಸ್‌ಐ ನಡುವೆ ಎಲ್ಲೋ ಒಂದು ಕಡೆ ನಿಲ್ಲುತ್ತದೆ. ಎತ್ತರದ ಪ್ರದೇಶದಲ್ಲಿ ಎಲ್ಲ ಅಂಕಿಗಳೂ ಒಟ್ಟಿಗೆ ತಗ್ಗುತ್ತವೆ, ಅದಕ್ಕೆ ಗಾಬರಿ ಬೇಡ. ನೋಡಬೇಕಾದ್ದು ವ್ಯತ್ಯಾಸ. ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕಿಗಳ ಅಂತರ ಶೇ 10ರೊಳಗಿದ್ದರೆ ಟರ್ಬೊ ಮಾತಾಡಬಹುದು. ಶೇ 15 ದಾಟಿದರೆ ಎಂಜಿನ್ ಬಿಚ್ಚದೆ ಮುಂದೆ ಹೋಗಬೇಡಿ.

ಒಂದು ಸಿಲಿಂಡರ್ ಕಡಿಮೆ ತೋರಿದರೆ ಪ್ಲಗ್ ತೂತಿನೊಳಗೆ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಜಿಗಿದರೆ ಸೋರಿಕೆ ರಿಂಗಿನದು, ಆಯಿಲ್ ಅದನ್ನು ತಾತ್ಕಾಲಿಕವಾಗಿ ಮುಚ್ಚಿದೆ. ಅಲುಗಾಡದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಬಿದ್ದಿದ್ದರೆ ಅವೆರಡರ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆಯೇ ಹೆಚ್ಚು. ಎಲ್ಲ ಸಿಲಿಂಡರೂ ಅಸಾಧ್ಯವೆನ್ನುವಷ್ಟು ಹೆಚ್ಚು ತೋರಿದರೆ ಖುಷಿಪಡಬೇಡಿ. ಚೇಂಬರಿನಲ್ಲಿ ಕಾರ್ಬನ್ ಕಟ್ಟಿದೆ ಎಂದರ್ಥ, ಬೂಸ್ಟ್‌ನಲ್ಲಿ ಆ ಕಾರ್ಬನ್ನೇ ಕೆಂಡವಾಗಿ, ಪ್ಲಗ್ ಕಿಡಿ ಹೊಡೆಯುವ ಮೊದಲೇ ಪೆಟ್ರೋಲಿಗೆ ಬೆಂಕಿ ಹಚ್ಚುತ್ತದೆ.

ಇದರ ಬೆನ್ನಿಗೇ ಲೀಕ್‌ಡೌನ್ ಟೆಸ್ಟ್, ಅಂದರೆ ಪ್ಲಗ್ ತೂತಿನಿಂದ ಗಾಳಿ ತುಂಬಿ ಎಷ್ಟು ಸೋರುತ್ತದೆ ಎಂದು ನೋಡುವುದು. ಪಿಸ್ಟನ್ ಕಂಪ್ರೆಶನ್ ಸ್ಟ್ರೋಕಿನ ತುತ್ತತುದಿಯಲ್ಲಿ ನಿಲ್ಲಬೇಕು, ಕ್ರ್ಯಾಂಕ್ ಪುಲ್ಲಿಯನ್ನು ಗಟ್ಟಿಯಾಗಿ ತಡೆಹಿಡಿದಿರಬೇಕು. ಇಲ್ಲದಿದ್ದರೆ 100 ಪಿಎಸ್‌ಐ ಗಾಳಿ ಪಿಸ್ಟನ್ನನ್ನು ಕೆಳಗೆ ತಳ್ಳಿ, ಪುಲ್ಲಿಯ ಮೇಲಿನ ಸ್ಪ್ಯಾನರ್ ನಿಮ್ಮ ಕೈಗೇ ಹೊಡೆಯುತ್ತದೆ. ಸೋರಿಕೆ ಶೇ 10ರೊಳಗೆ ಒಳ್ಳೆಯದು, ಶೇ 20ರ ಮೇಲೆ ಬೇಡ. ಈ ಟೆಸ್ಟಿನ ಸೊಗಸು ಅಂಕಿಯಲ್ಲಿಲ್ಲ, ಕಿವಿಯಲ್ಲಿದೆ. ಥ್ರಾಟಲ್ ಬಳಿ ಸುಯ್ಯೆಂದರೆ ಇನ್‌ಟೇಕ್ ವಾಲ್ವ್, ಸೈಲೆನ್ಸರ್ ಬಾಯಲ್ಲಿ ಸುಯ್ಯೆಂದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಹಾಕುವ ಮುಚ್ಚಳದಲ್ಲಿ ಬಂದರೆ ರಿಂಗ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್.

ಆಯಿಲ್ ಪ್ರೆಷರನ್ನು ಡ್ಯಾಶ್‌ಬೋರ್ಡಿನ ದೀಪ ನೋಡಿ ಹೇಳಲಾಗದು. ಸ್ವಿಚ್ ಬಿಚ್ಚಿ ಅದೇ ಜಾಗಕ್ಕೆ ಮೆಕ್ಯಾನಿಕಲ್ ಗೇಜ್ ಕಟ್ಟಿ, ಬಿಸಿ ಎಂಜಿನ್‌ನಲ್ಲಿ ನೋಡಿ. ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಎನ್ನುವುದು ಹಳೆಯ ಅಂದಾಜು, ಇವತ್ತಿಗೂ ಮೋಸವಿಲ್ಲ. ಐಡಲ್‌ನಲ್ಲೇ ಮುಳ್ಳು ನೆಲ ಕಚ್ಚಿದರೆ ಬೇರಿಂಗ್ ಸವೆದಿದೆ ಅಥವಾ ಪಂಪ್ ಸೋತಿದೆ. ಇನ್ನು ಮೇಲೆ ಟರ್ಬೊ ಕೂಡ ಅದೇ ಆಯಿಲ್‌ನಲ್ಲಿ ಪಾಲು ಕೇಳುತ್ತದೆ.

ಹೊಗೆಯೂ ಮಾತಾಡುತ್ತದೆ. ಬೆಳಗಿನ ಮೊದಲ ಸ್ಟಾರ್ಟ್‌ಗೆ ಮಾತ್ರ ನೀಲಿ ಹೊಗೆ ಬಂದರೆ ವಾಲ್ವ್ ಸೀಲ್, ಏರು ಹತ್ತುವಾಗ ನೀಲಿ ಬಂದರೆ ರಿಂಗ್. ಎರಡೂ ಟರ್ಬೊಗೆ ವೈರಿಗಳೇ, ಏಕೆಂದರೆ ಚೇಂಬರಿಗೆ ಇಳಿದ ಆಯಿಲ್ ಪೆಟ್ರೋಲಿನ ಆಕ್ಟೇನ್ ಬಲವನ್ನು ತಗ್ಗಿಸಿ ನಾಕಿಂಗ್ (ಮಿಶ್ರಣ ತಾನಾಗಿಯೇ ಸಿಡಿದು ಪಿಸ್ಟನ್ನಿಗೆ ಬಡಿಯುವುದು) ಕರೆತರುತ್ತದೆ.

ಬಿಚ್ಚಬೇಕೇ, ಬೇಡವೇ

ಟೆಸ್ಟುಗಳೆಲ್ಲ ಪಾಸಾಗಿ, 0.3ರಿಂದ 0.4 ಬಾರ್ ಸಾಕು ಎನ್ನುವವರು ಎಂಜಿನ್ ಬಿಚ್ಚದೆಯೇ ಮುಂದುವರಿಯಬಹುದು. ಟರ್ಬೊ ಒತ್ತಿದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಚೆನ್ನಾಗಿರಬೇಕು, ಟ್ಯೂನಿಂಗ್ (ಪೆಟ್ರೋಲ್ ಮತ್ತು ಕಿಡಿಯ ಹೊಂದಾಣಿಕೆ) ಎಚ್ಚರದ್ದಾಗಿರಬೇಕು. 0.5 ಬಾರ್‌ಗೆ, ಅದೂ 10.5 ರೇಶಿಯೊದಲ್ಲಿ, ಬಿಚ್ಚುವುದೇ ಮೇಲು. ಒಂದೆರಡು ಟೆಸ್ಟ್ ಫೇಲಾಗಿದ್ದರೆ ಬಿಚ್ಚಲೇಬೇಕು. ರಿಪೇರಿಯ ಖರ್ಚು ಕಾರಿನ ಬೆಲೆಯನ್ನೇ ಮುಟ್ಟಿದರೆ ಮೂಗಿಗಿಂತ ಮೂಗುತಿ ಭಾರ. ಅಂಥಲ್ಲಿ ಕಾರ್ಖಾನೆಯಿಂದಲೇ ಟರ್ಬೊಗೆಂದು ಬಂದ ಎಂಜಿನ್ ಹುಡುಕುವುದು ಜಾಣತನ.

ಹೆಡ್ ಇಳಿಸಿದ ಮೇಲೆ ಮೊದಲು ಬೋರ್ ಅಳೆಯಿರಿ. ಬೋರ್ ಗೇಜ್‌ನಲ್ಲಿ ಮೇಲೆ, ನಡುವೆ, ಕೆಳಗೆ ಮೂರು ಕಡೆ; ಪ್ರತಿ ಕಡೆ ಕ್ರ್ಯಾಂಕಿನ ಉದ್ದಕ್ಕೊಂದು, ಅಡ್ಡಕ್ಕೊಂದು. ಒಂದು ಸಿಲಿಂಡರಿಗೆ ಆರು ಅಂಕಿ. ಸವೆತ ಹೆಚ್ಚಾಗುವುದು ಮೇಲಿನ ರಿಂಗ್ ನಿಲ್ಲುವ ಜಾಗದ ಕೆಳಗೆ, ಪಿಸ್ಟನ್ ಒರಗುವ ಬದಿಯಲ್ಲಿ. ಎಂಜಿನ್‌ನ ಮ್ಯಾನುಯಲ್‌ನಲ್ಲಿರುವ ಮಿತಿ ದಾಟಿದ್ದರೆ ಬೋರ್ ಮಾಡಿಸಿ, ಅಂದರೆ ಕೊರೆದು ಅಗಲಿಸಿ, ಓವರ್‌ಸೈಜ್ ಪಿಸ್ಟನ್ ಹಾಕಿಸಿ. ಮಿತಿಯೊಳಗಿದ್ದರೆ ಹೋನಿಂಗ್ (ಗೋಡೆಯನ್ನು ಕಲ್ಲಿನಿಂದ ತೀಡುವುದು) ಸಾಕು, ಗೀರುಗಳು ಸುಮಾರು 45 ಡಿಗ್ರಿಯಲ್ಲಿ ಒಂದನ್ನೊಂದು ದಾಟುವಂತೆ. ಹೋನಿಂಗ್ ಆದ ಮೇಲೆ ಬೋರ್ ತೊಳೆಯಬೇಕಾದ್ದು ಪೆಟ್ರೋಲಿನಿಂದಲ್ಲ, ಬಿಸಿ ನೀರು, ಸೋಪು, ಬ್ರಷ್‌ನಿಂದ. ಪೆಟ್ರೋಲ್ ಕಲ್ಲಿನ ಪುಡಿಯನ್ನು ಗೀರಿನೊಳಗೇ ಬಿಡುತ್ತದೆ. ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಬಟ್ಟೆ ಬಿಳಿಯಾಗಿಯೇ ಬರುವವರೆಗೆ ತೊಳೆದು, ತಕ್ಷಣ ಆಯಿಲ್ ಸವರಿ.

ರಿಂಗ್ ಗ್ಯಾಪ್: ಕೂದಲೆಳೆಯ ಲೆಕ್ಕ

ಟರ್ಬೊ ಹಾಕಿದ ಎಂಜಿನ್‌ಗಳಲ್ಲಿ ಪಿಸ್ಟನ್ ಮುರಿದು ಬಂದಾಗ ಎಲ್ಲರೂ ಬೂಸ್ಟ್ ಜಾಸ್ತಿಯಾಯಿತು ಎನ್ನುತ್ತಾರೆ. ಹಲವು ಸಲ ನಿಜವಾದ ಕಾರಣ ರಿಂಗ್ ಗ್ಯಾಪ್. ಶಾಖ ಹೆಚ್ಚಾದಂತೆ ರಿಂಗ್ ಉದ್ದವಾಗುತ್ತದೆ, ಅದರ ಎರಡು ತುದಿಗಳ ನಡುವಿನ ಸಂದು ಮುಚ್ಚುತ್ತಾ ಬರುತ್ತದೆ. ತುದಿಗೆ ತುದಿ ತಾಗಿದ ಮೇಲೂ ಬಿಸಿಯಾದರೆ ರಿಂಗಿಗೆ ಹಿಗ್ಗಲು ಜಾಗವಿಲ್ಲ. ಬೋರಿಗೆ ಒತ್ತಿ ಕಚ್ಚಿಕೊಳ್ಳುತ್ತದೆ, ಪಿಸ್ಟನ್ ಮಾತ್ರ ಚಲಿಸುತ್ತಲೇ ಇರುತ್ತದೆ. ಮೇಲಿನ ರಿಂಗ್ ಲ್ಯಾಂಡ್ (ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಗಾಡಿಯ ಅಂಚು) ಚಕ್ಕೆಯೆದ್ದು ಬರುವುದು ಹೀಗೆ.

ಟರ್ಬೊ ಇಲ್ಲದ ಎಂಜಿನ್‌ಗೆ ಮೇಲಿನ ರಿಂಗಿನ ಗ್ಯಾಪ್ ಸುಮಾರು ಬೋರಿನ 0.004 ಪಟ್ಟು, ರಸ್ತೆಯಲ್ಲಿ ಓಡುವ ಟರ್ಬೊ ಎಂಜಿನ್‌ಗೆ 0.005 ಪಟ್ಟು, ಬೂಸ್ಟ್ ಇನ್ನೂ ಏರಿಸುವವರಿಗೆ 0.006 ಪಟ್ಟು. ನಮ್ಮ 81 ಮಿ.ಮೀ. ಬೋರಿಗೆ ಕ್ರಮವಾಗಿ 0.32, 0.40, 0.49 ಮಿ.ಮೀ. ನಮಗೆ ಬೇಕಾದ್ದು 0.40. ಎರಡನೇ ರಿಂಗಿಗೆ ಅಷ್ಟೇ ಅಥವಾ ಅದಕ್ಕಿಂತ ತುಸು ಹೆಚ್ಚು. ಎರಡು ರಿಂಗ್‌ಗಳ ನಡುವೆ ಸಿಕ್ಕಿಬಿದ್ದ ಗ್ಯಾಸ್ ಕೆಳಗೆ ಹೋಗದಿದ್ದರೆ ಮೇಲಿನ ರಿಂಗನ್ನೇ ಎತ್ತಿಬಿಡುತ್ತದೆ. ಪಿಸ್ಟನ್ ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅವರ ಮಾತೇ ಕೊನೆ.

ಅಳೆಯುವಾಗ ಹೊಸ ರಿಂಗನ್ನು ಬೋರಿಗಿಳಿಸಿ, ಪಿಸ್ಟನ್ನನ್ನು ತಲೆಕೆಳಗಾಗಿಸಿ ಅದರಿಂದ ರಿಂಗನ್ನು ನೇರವಾಗಿ ತಳ್ಳಿ. ರಿಂಗ್ ವಾರೆಯಾಗಿದ್ದರೆ ಗ್ಯಾಪ್ ಸುಳ್ಳು ಹೇಳುತ್ತದೆ. ಹಳೆಯ ಬೋರಿನಲ್ಲಿ ಇನ್ನೊಂದು ಮೋಸವಿದೆ: ಬೋರ್ 0.05 ಮಿ.ಮೀ. ಅಗಲವಾದರೆ ಗ್ಯಾಪ್ 0.16 ಮಿ.ಮೀ. ಹೆಚ್ಚುತ್ತದೆ, ಸುತ್ತಳತೆ ವ್ಯಾಸದ 3.14 ಪಟ್ಟಲ್ಲವೇ. ಮೇಲ್ಭಾಗದಲ್ಲಿ 0.40 ತೋರಿದ ರಿಂಗ್ ಸವೆಯದ ಕೆಳಭಾಗಕ್ಕೆ ಬಂದಾಗ 0.24 ಆಗಿರಬಹುದು. ಆದ್ದರಿಂದ ರಿಂಗ್ ಓಡಾಡುವ ದಾರಿಯಲ್ಲಿ ಅತಿ ಕಿರಿದಾದ ಜಾಗದಲ್ಲೇ ಅಳೆಯಿರಿ.

ಅರ ಹಾಕುವಾಗ ಒಂದೇ ತುದಿಗೆ ಹಾಕಿ, ಇನ್ನೊಂದು ನೇರವಾಗಿ ಉಳಿಯಲಿ. ಹೊರಮುಖದಿಂದ ಒಳಮುಖಕ್ಕೆ ಮಾತ್ರ ತೀಡಿ, ಉಲ್ಟಾ ತೀಡಿದರೆ ಹೊರಮುಖದ ಲೇಪನ ಚಕ್ಕೆಯೇಳುತ್ತದೆ. ನಾಲ್ಕು ಸಲ ತೀಡಿ, ಅಳೆದು, ಮತ್ತೆ ತೀಡಿ. ಜಾಸ್ತಿ ತೆಗೆದದ್ದನ್ನು ಮತ್ತೆ ಅಂಟಿಸಲಾಗದು. ಕೊನೆಗೆ ಅಂಚಿನ ಮುಳ್ಳುಗಳನ್ನು ನಯವಾದ ಕಲ್ಲಿನಲ್ಲಿ ಉಜ್ಜಿ, ಯಾವ ರಿಂಗ್ ಯಾವ ಸಿಲಿಂಡರಿನದು ಎಂದು ಚೀಟಿ ಕಟ್ಟಿಡಿ.

ರೇಶಿಯೊ ಇಳಿಸುವುದು: ದಪ್ಪ ಗ್ಯಾಸ್ಕೆಟ್ ಬೇಡ

ಒಂದು ಸಿಲಿಂಡರ್ 400 ಸಿಸಿ. ರೇಶಿಯೊ 10.5 ಇರಬೇಕಾದರೆ ಮೇಲುಳಿಯುವ ಜಾಗ 400 ಭಾಗ 9.5, ಅಂದರೆ 42.1 ಸಿಸಿ. ಅದನ್ನು 9ಕ್ಕೆ ಇಳಿಸಲು 400 ಭಾಗ 8, ಅಂದರೆ 50 ಸಿಸಿ. ವ್ಯತ್ಯಾಸ 7.9 ಸಿಸಿ. ಇದನ್ನು ದಪ್ಪ ಗ್ಯಾಸ್ಕೆಟ್‌ನಿಂದ ಸಾಧಿಸಲು ಹೊರಟರೆ, 81 ಮಿ.ಮೀ. ಬೋರಿನಲ್ಲಿ ಪ್ರತಿ 1 ಮಿ.ಮೀ. ದಪ್ಪಕ್ಕೆ ಸಿಗುವುದು 5.15 ಸಿಸಿ. ಒಂದೂವರೆ ಮಿಲಿಮೀಟರ್ ಹೆಚ್ಚುವರಿ ದಪ್ಪ ಬೇಕು. ಹಾಗೆ ಮಾಡಿದರೆ ಪಿಸ್ಟನ್ ಮತ್ತು ಹೆಡ್ ನಡುವಿನ ಸ್ಕ್ವಿಶ್ ಅಂತರ ಹಾಳಾಗುತ್ತದೆ. ಸುಮಾರು 1 ಮಿ.ಮೀ. ಇರಬೇಕಾದ ಆ ಇಕ್ಕಟ್ಟೇ ಮಿಶ್ರಣವನ್ನು ಪ್ಲಗ್ ಕಡೆಗೆ ಚಿಮ್ಮಿಸಿ ನಾಕಿಂಗ್ ತಡೆಯುವುದು. ರೇಶಿಯೊ ಇಳಿಸಿದ್ದೂ ಆಯಿತು, ನಾಕಿಂಗ್ ಹಾಗೇ ಉಳಿದದ್ದೂ ಆಯಿತು. ತಲೆಯಲ್ಲಿ 8 ಸಿಸಿ ಗುಂಡಿ ಇರುವ ಪಿಸ್ಟನ್ ಹಾಕುವುದೇ ಸರಿಯಾದ ದಾರಿ.

ಫೋರ್ಜ್ಡ್ (ಬಡಿದು ರೂಪಿಸಿದ) ಪಿಸ್ಟನ್ ಆದರೆ ಅದು ಬಿಸಿಗೆ ಎರಕದ ಪಿಸ್ಟನ್‌ಗಿಂತ ಹೆಚ್ಚು ಹಿಗ್ಗುತ್ತದೆ, ಹಾಗಾಗಿ ಗೋಡೆಯಿಂದ ಹೆಚ್ಚು ಅಂತರ ಬೇಕು. ಬೆಳಗಿನ ತಣ್ಣನೆ ಸ್ಟಾರ್ಟ್‌ನಲ್ಲಿ ಟಕಟಕ ಸದ್ದು ಸಹಜ, ಬಿಸಿಯಾದ ಮೇಲೆ ನಿಲ್ಲಬೇಕು. ಬೋರ್ ಮಾಡುವವರಿಗೆ ಪಿಸ್ಟನ್ನನ್ನು ಕೈಗೆ ಕೊಟ್ಟೇ ಬೋರ್ ಮಾಡಿಸಿ, ಬಾಯಿಮಾತಿನ ಅಳತೆ ಬೇಡ.

ಕನೆಕ್ಟಿಂಗ್ ರಾಡ್ ಬಗ್ಗೆ ಒಂದು ಮಾತು. ಬೂಸ್ಟ್‌ನಲ್ಲಿ ರಾಡ್ ಬಾಗಿಸುವುದು ಎಚ್‌ಪಿಗಿಂತ ಹೆಚ್ಚಾಗಿ ಕಡಿಮೆ ಆರ್‌ಪಿಎಂನ ಟಾರ್ಕ್. 2500 ಆರ್‌ಪಿಎಂನಲ್ಲೇ ಪೂರ್ತಿ ಬೂಸ್ಟ್ ಕೊಡುವ ಪುಟ್ಟ ಟರ್ಬೊ, 4000ಕ್ಕೆ ಏಳುವ ದೊಡ್ಡ ಟರ್ಬೊಗಿಂತ ಹಳೇ ರಾಡ್‌ಗೆ ಹೆಚ್ಚು ಅಪಾಯಕಾರಿ.

ಬೇರಿಂಗ್ ಚಿಪ್ಪುಗಳನ್ನು ಬೆಳಕಿಗೆ ಹಿಡಿದು ನೋಡಿ. ಬೂದು ಬಣ್ಣದ ಕೆಳಗೆ ತಾಮ್ರ ಇಣುಕಿದರೆ ಆಯುಷ್ಯ ಮುಗಿದಿದೆ. ಹೊಸದನ್ನು ಹಾಕಿ ಪ್ಲಾಸ್ಟಿಗೇಜ್‌ನಲ್ಲಿ (ಒತ್ತಿದಾಗ ಚಪ್ಪಟೆಯಾಗಿ ಅಂತರ ತೋರಿಸುವ ಮೆದು ಎಳೆ) ಅಂತರ ನೋಡಿ. ಜರ್ನಲ್ (ಬೇರಿಂಗಿನೊಳಗೆ ತಿರುಗುವ ಕ್ರ್ಯಾಂಕಿನ ಭಾಗ) ವ್ಯಾಸದ ಸಾವಿರದಲ್ಲೊಂದು ಪಾಲು ಒಳ್ಳೆಯ ಅಂದಾಜು, 45 ಮಿ.ಮೀ. ಜರ್ನಲ್‌ಗೆ 0.045 ಮಿ.ಮೀ.

ಹೆಡ್ ಮತ್ತು ಬ್ಲಾಕ್ ಎರಡರ ಮೇಲೂ ನೇರಪಟ್ಟಿ ಇಟ್ಟು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಫೀಲರ್ ತೂರಿಸಿ ನೋಡಿ. 0.05 ಮಿ.ಮೀ. ಎಲೆ ಒಳಹೋದರೆ ಫೇಸಿಂಗ್ ಮಾಡಿಸಿ, ಅಂದರೆ ಮೇಲ್ಮೈ ಸಮ ಮಾಡಿಸಿ. ಉಕ್ಕಿನ ಪದರಗಳ ಗ್ಯಾಸ್ಕೆಟ್ ಹಾಕುವುದಾದರೆ ಮೇಲ್ಮೈ ಕನ್ನಡಿಯಂತೆ ನಯವಾಗಿರಬೇಕು. ಹಳೇ ಗ್ಯಾಸ್ಕೆಟ್ ಕೆರೆಯಲು ಗ್ರೈಂಡರಿಗೆ ಉಜ್ಜುವ ಚಕ್ರ ಸಿಕ್ಕಿಸಿ ಓಡಿಸಿದರೆ ಅಲ್ಯೂಮಿನಿಯಂನಲ್ಲಿ ಕಣ್ಣಿಗೆ ಕಾಣದ ಗುಂಡಿ ಬೀಳುತ್ತದೆ, ಅದರ ಪುಡಿ ಆಯಿಲ್ ದಾರಿಗೂ ಇಳಿಯುತ್ತದೆ. ಬೋಲ್ಟ್ ತೂತುಗಳಿಗೆ ಗಾಳಿ ಹೊಡೆದು ಒಣಗಿಸಿ. ತಳದಲ್ಲಿ ಒಂದು ಚಮಚ ಕೂಲಂಟ್ ಉಳಿದಿದ್ದರೂ ಬೋಲ್ಟ್ ಇಳಿಯುವಾಗ ಅದಕ್ಕೆ ಓಡಲು ದಾರಿಯಿಲ್ಲದೆ ಬ್ಲಾಕ್ ಸೀಳಬಹುದು. ಒಮ್ಮೆ ಎಳೆದು ಬಿಗಿಸುವ ಜಾತಿಯ ಹೆಡ್ ಬೋಲ್ಟ್‌ಗಳನ್ನು ಮತ್ತೆ ಬಳಸಬೇಡಿ.

ಆಯಿಲ್ ಹೋಗುವ ದಾರಿ, ಬರುವ ದಾರಿ

ಟರ್ಬೊಗೆ ಆಯಿಲ್ ಕೊಡುವುದು ಸುಲಭ, ಹೊರತರುವುದು ಕಷ್ಟ. ಪ್ರೆಷರಿನಲ್ಲಿ ಒಳಹೋದ ಆಯಿಲ್ ಬೇರಿಂಗ್ ದಾಟಿದ ಮೇಲೆ ಗಾಳಿ ಬೆರೆತ ನೊರೆಯಾಗಿ, ಬರೀ ಗುರುತ್ವದಿಂದ ಸಂಪ್‌ಗೆ (ಎಂಜಿನ್ ತಳದ ಆಯಿಲ್ ತೊಟ್ಟಿ) ಇಳಿಯಬೇಕು. ಅದಕ್ಕೇ ವಾಪಸು ಪೈಪ್, ಅಂದರೆ ಡ್ರೈನ್, ಕನಿಷ್ಠ 16 ಮಿ.ಮೀ. ಒಳವ್ಯಾಸದ್ದಿರಬೇಕು, ಎಲ್ಲೂ ಮೇಲೇರದೆ, ಆದಷ್ಟು ಲಂಬವಾಗಿ ಇಳಿಯಬೇಕು, ಸಂಪ್‌ನಲ್ಲಿ ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು. ಸಂಪನ್ನು ಬಿಚ್ಚಿ, ತೊಳೆದು, ಹೊರಗೇ ವೆಲ್ಡ್ ಮಾಡಿಸಿ. ಗಾಡಿಯಲ್ಲಿದ್ದಂತೆಯೇ ಡ್ರಿಲ್ ಹಾಕಿ ಚೂರುಗಳನ್ನು ಒಳಗೆ ಬೀಳಿಸುವ ಎಡವಟ್ಟು ಮಾಡಬೇಡಿ.

ಹೊಸ ಟರ್ಬೊ ನೀಲಿ ಹೊಗೆ ಬಿಟ್ಟರೆ ಸೀಲ್ ಹೋಯಿತು ಎಂದು ವಾಪಸು ಕಳಿಸುವವರು ಬಹಳ. ಟರ್ಬೊ ಒಳಗಿರುವುದು ರಬ್ಬರ್ ಸೀಲ್ ಅಲ್ಲ, ಪಿಸ್ಟನ್ ರಿಂಗಿನಂಥ ಪುಟ್ಟ ಬಳೆ. ನಿಂತ ಆಯಿಲನ್ನು ಅದು ತಡೆಯಲಾರದು. ಡ್ರೈನ್ ಕಟ್ಟಿಕೊಂಡಿದ್ದರೆ ಅಥವಾ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ತುಂಬಿದ್ದರೆ ಎಷ್ಟೇ ಹೊಸ ಟರ್ಬೊ ಆದರೂ ಹೊಗೆ ಬಿಡುತ್ತದೆ.

ಬಾಲ್ ಬೇರಿಂಗ್ ಟರ್ಬೊ ಆದರೆ ಆಯಿಲ್ ಫೀಡ್‌ನಲ್ಲಿ ಸುಮಾರು 1 ಮಿ.ಮೀ. ತೂತಿನ ರಿಸ್ಟ್ರಿಕ್ಟರ್ ಬೇಕಾಗುತ್ತದೆ. ಗುಂಡುಗಳಿಲ್ಲದೆ ಆಯಿಲ್ ಪದರದ ಮೇಲೆ ತಿರುಗುವ ಜರ್ನಲ್ ಬೇರಿಂಗಿನದಕ್ಕೆ ಅಷ್ಟು ಕಿರಿದಾದದ್ದು ಹಾಕಿದರೆ ಬೇರಿಂಗ್ ಒಣಗುತ್ತದೆ. ಫೀಡ್ ಜೋಡಣೆಗೆ ಸಿಲಿಕೋನ್ ಸೀಲಂಟ್ ಬಳಸಲೇಬೇಡಿ, ಅದರ ಒಂದು ಎಳೆ ಸಾಕು ಆ ತೂತು ಮುಚ್ಚಲು.

ಕ್ರ್ಯಾಂಕ್‌ಕೇಸ್ ಗಾಳಿಯನ್ನು ಹೊರಬಿಡುವ ಪಿಸಿವಿ ವಾಲ್ವ್ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ಸೇರಿರುತ್ತದೆ. ಇಷ್ಟು ದಿನ ಅಲ್ಲಿ ಎಳೆತ ಮಾತ್ರ ಇತ್ತು, ಈಗ ಬೂಸ್ಟ್ ಬಂದಾಗ ಅದೇ ದಾರಿಯಲ್ಲಿ ಒತ್ತಡ ಎಂಜಿನ್ ಹೊಟ್ಟೆಗೆ ನುಗ್ಗಿ ಡಿಪ್‌ಸ್ಟಿಕ್ಕನ್ನೇ ಹೊರಗೆಸೆಯುತ್ತದೆ. ಮಧ್ಯೆ ಒಂದೇ ಕಡೆಗೆ ಗಾಳಿ ಬಿಡುವ ಗಟ್ಟಿಯಾದ ಚೆಕ್ ವಾಲ್ವ್ ಹಾಕಿ, ವಾಲ್ವ್ ಕವರಿನ ಇನ್ನೊಂದು ಪೈಪನ್ನು ಆಯಿಲ್ ಹನಿ ಹಿಡಿಯುವ ಕ್ಯಾಚ್ ಕ್ಯಾನ್ ಮೂಲಕ ಟರ್ಬೊದ ಗಾಳಿ ಬಾಯಿಗೆ ಜೋಡಿಸಿ.

ಪೆಟ್ರೋಲ್, ಕಿಡಿ, ತಂಪು

ಒಂದು ಎಚ್‌ಪಿಗೆ ಗಂಟೆಗೆ 0.6 ಪೌಂಡ್ ಪೆಟ್ರೋಲ್ ಎಂಬ ಲೆಕ್ಕದಲ್ಲಿ (ಇದೇ ಬಿಎಸ್‌ಎಫ್‌ಸಿ) ಪ್ರತಿ ಎಚ್‌ಪಿಗೆ ನಿಮಿಷಕ್ಕೆ ಸುಮಾರು 6.3 ಸಿಸಿ ಪೆಟ್ರೋಲ್ ಬೇಕು. 160 ಎಚ್‌ಪಿಗೆ 1008 ಸಿಸಿ, ಒಂದು ಇಂಜೆಕ್ಟರಿಗೆ 252. ಇಂಜೆಕ್ಟರ್ ಶೇ 80ಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದು, ಆದ್ದರಿಂದ 252 ಭಾಗ 0.8, ಅಂದರೆ ನಿಮಿಷಕ್ಕೆ 315 ಸಿಸಿ ಕೊಡುವ ಇಂಜೆಕ್ಟರ್. ರಿಟರ್ನ್ ಲೈನ್ ಇಲ್ಲದ, ರೆಗ್ಯುಲೇಟರ್ ಟ್ಯಾಂಕಿನಲ್ಲೇ ಇರುವ ಕಾರುಗಳಲ್ಲಿ ರೈಲ್ ಪ್ರೆಷರ್ (ಇಂಜೆಕ್ಟರುಗಳಿಗೆ ಪೆಟ್ರೋಲ್ ಒಯ್ಯುವ ಕೊಳವೆಯ ಒತ್ತಡ) 3 ಬಾರ್‌ಗೇ ನಿಂತಿರುತ್ತದೆ. ಮ್ಯಾನಿಫೋಲ್ಡ್‌ನಲ್ಲಿ 0.5 ಬಾರ್ ಎದುರೊತ್ತಿದರೆ ಉಳಿಯುವುದು 2.5, ಪೆಟ್ರೋಲ್ ಶೇ 9ರಷ್ಟು ಕಡಿಮೆ ಬೀಳುತ್ತದೆ, ಅದೂ ಅತಿ ಹೆಚ್ಚು ಬೇಕಾದ ಹೊತ್ತಿನಲ್ಲಿ. ಬೂಸ್ಟ್‌ಗೆ ತಕ್ಕಂತೆ ಏರುವ ರೆಗ್ಯುಲೇಟರ್ ಹಾಕಿ, ಇಲ್ಲವೇ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಲೆಕ್ಕದಲ್ಲಿ ಇದನ್ನು ಸೇರಿಸಿ. ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಮೂಲ ಮ್ಯಾಪ್ ಸೆನ್ಸರ್ ವಾತಾವರಣದ ಒತ್ತಡ ದಾಟಿದ ಮೇಲೆ ಕುರುಡು, 2.5 ಬಾರ್‌ನದು ಬೇಕು.

ಸ್ಪಾರ್ಕ್ ಪ್ಲಗ್ ಒಂದು ಹೆಜ್ಜೆ ಕೋಲ್ಡ್ (ಶಾಖವನ್ನು ಬೇಗ ಬಿಟ್ಟುಕೊಡುವಂಥದ್ದು) ಆಗಿರಲಿ. ಎನ್‌ಜಿಕೆಯಲ್ಲಿ ಸಂಖ್ಯೆ ಹೆಚ್ಚಿದಷ್ಟು ಕೋಲ್ಡ್, ಬಾಷ್‌ನಲ್ಲಿ ಉಲ್ಟಾ. ಇದು ಗೊತ್ತಿಲ್ಲದೆ ಬಿಸಿ ಪ್ಲಗ್ ಹಾಕಿದರೆ ಕಥೆ ಮುಗಿಯಿತು. ಗ್ಯಾಪ್ 0.7 ಮಿ.ಮೀ. ಆಸುಪಾಸಿಗೆ ಇಳಿಸಿ, ದಟ್ಟವಾದ ಗಾಳಿಯಲ್ಲಿ ಅಗಲ ಗ್ಯಾಪಿನ ಕಿಡಿ ಆರಿಹೋಗುತ್ತದೆ.

ಇಂಟರ್‌ಕೂಲರ್ ಯಾಕೆ ಬೇಕು ಎಂಬುದಕ್ಕೆ ಅಂಕಿಯೇ ಸಾಕ್ಷಿ: 30 ಡಿಗ್ರಿ ಗಾಳಿಯನ್ನು ಶೇ 70 ದಕ್ಷತೆಯ ಕಂಪ್ರೆಸರ್ 0.5 ಬಾರ್‌ಗೆ ಒತ್ತಿದರೆ ಹೊರಬರುವುದು ಸುಮಾರು 83 ಡಿಗ್ರಿ. ಶೇ 70 ಕೆಲಸ ಮಾಡುವ ಇಂಟರ್‌ಕೂಲರ್ ಅದನ್ನು 46ಕ್ಕೆ ಇಳಿಸುತ್ತದೆ. ರೇಡಿಯೇಟರ್ ಒಳಗೆ ತುಕ್ಕು ಕಟ್ಟಿದ್ದರೆ ಬದಲಿಸಿ, ಮುಚ್ಚಳ ಮತ್ತು ಥರ್ಮೋಸ್ಟಾಟ್ ಹೊಸದಾಗಲಿ. ಕ್ಲಚ್ ಹೇಗೂ ಜಾರುತ್ತದೆ, ಗೇರ್‌ಬಾಕ್ಸ್ ಕೆಳಗಿಳಿಸಿದಾಗಲೇ ಬದಲಿಸಿಬಿಡಿ.

ಮೊದಲ ಸ್ಟಾರ್ಟ್

ಟರ್ಬೊ ಫೀಡ್ ತೂತಿಗೆ ಸಿರಿಂಜ್‌ನಲ್ಲಿ ಆಯಿಲ್ ತುಂಬಿ. ಡ್ರೈನ್ ಪೈಪ್ ಬಿಚ್ಚಿ ಕೆಳಗೆ ಡಬ್ಬ ಇಡಿ. ಫ್ಯೂಯಲ್, ಇಗ್ನಿಷನ್ ಎರಡನ್ನೂ ಕಿತ್ತು, ಡ್ರೈನ್‌ನಿಂದ ಆಯಿಲ್ ಇಳಿಯುವವರೆಗೆ ಕ್ರ್ಯಾಂಕ್ ಮಾಡಿ. ಪೈಪ್ ಜೋಡಿಸಿದ ಮೇಲೆ ಗಾಳಿ ಬಾಯಿಗೆ ಟೈರ್ ವಾಲ್ವ್ ಕೂರಿಸಿದ ಮುಚ್ಚಳ ಬಿಗಿದು 0.5 ಬಾರ್ ಗಾಳಿ ತುಂಬಿ, ಜೋಡಣೆಗಳಿಗೆಲ್ಲ ಸೋಪು ನೀರು ಹಚ್ಚಿ. ಗುಳ್ಳೆ ಎದ್ದಲ್ಲಿ ಕ್ಲಿಪ್ ಬಿಗಿಯಿರಿ. ಕ್ಯಾಚ್ ಕ್ಯಾನ್‌ನಿಂದ ಬರುವ ಪೈಪನ್ನು ಮುಚ್ಚಿಟ್ಟಿದ್ದರೂ ಆಯಿಲ್ ಮುಚ್ಚಳದಿಂದ ಗಾಳಿ ರಭಸವಾಗಿ ಬಂದರೆ ಚೆಕ್ ವಾಲ್ವ್ ಉಲ್ಟಾ ಕೂತಿರಬಹುದು.

ಹೊಸ ರಿಂಗ್ ಹಾಕಿದ್ದರೆ ಗಂಟೆಗಟ್ಟಲೆ ಐಡಲ್ ಬಿಡಬೇಡಿ. ರಿಂಗ್ ಕೂರುವುದು ಭಾರದಲ್ಲಿ. ಬೂಸ್ಟ್ ಏಳದಷ್ಟು ಮಧ್ಯಮ ಭಾರದಲ್ಲಿ ಓಡಿಸಿ, 50 ಕಿ.ಮೀ.ಗೆ ಒಮ್ಮೆ, 500 ಕಿ.ಮೀ.ಗೆ ಇನ್ನೊಮ್ಮೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಹಳೇ ಫಿಲ್ಟರನ್ನು ಕತ್ತರಿಸಿ ಕಾಗದ ಬಿಡಿಸಿ ನೋಡಿ. ಮೊದಲ ಸಲ ಸಣ್ಣ ಹೊಳಪು ಇರುತ್ತದೆ, ಎರಡನೇ ಸಲವೂ ಚೂರು ಸಿಕ್ಕರೆ ನಿಲ್ಲಿಸಿ.

ಬೂಸ್ಟ್ ಶುರುವಾಗುವುದು ವೇಸ್ಟ್‌ಗೇಟ್ (ಹೆಚ್ಚಾದ ಎಕ್ಸಾಸ್ಟ್ ಗ್ಯಾಸನ್ನು ಟರ್ಬೊದಿಂದ ಆಚೆ ಬಿಡುವ ಬಾಗಿಲು) ಸ್ಪ್ರಿಂಗಿನ ಒತ್ತಡದಿಂದ, ಅದಕ್ಕಿಂತ ಕೆಳಗೆ ಇಳಿಸಲಾಗದು. ಹಾಗಾಗಿ 0.3 ಬಾರ್ ಸ್ಪ್ರಿಂಗ್ ಹಾಕಿಯೇ ಆರಂಭಿಸಿ. ಗಾಳಿ-ಪೆಟ್ರೋಲ್ ಅನುಪಾತ ತೋರಿಸುವ ವೈಡ್‌ಬ್ಯಾಂಡ್ ಸೆನ್ಸರ್ ಇಲ್ಲದೆ ಟ್ಯೂನಿಂಗಿಗೆ ಕೂರಬೇಡಿ. ಬೂಸ್ಟ್‌ನಲ್ಲಿ ಗಾಳಿ-ಪೆಟ್ರೋಲ್ ಅನುಪಾತ 11.5ರಿಂದ 12ರೊಳಗಿರಲಿ, ಪ್ರತಿ ಪಿಎಸ್‌ಐ ಬೂಸ್ಟ್‌ಗೆ 1 ಡಿಗ್ರಿ ಟೈಮಿಂಗ್ ಹಿಂದೆ ಎಳೆದು, ಅಂದರೆ ಕಿಡಿ ಅಷ್ಟು ತಡವಾಗಿ ಹಾರುವಂತೆ ಮಾಡಿ, ಮೊದಲುಮಾಡಿ. 81 ಮಿ.ಮೀ. ಬೋರಿನಲ್ಲಿ ನಾಕಿಂಗ್ ಸುಮಾರು 7 ಕಿಲೋಹರ್ಟ್ಸ್‌ನಲ್ಲಿ ಸದ್ದು ಮಾಡುತ್ತದೆ, ನಾಕ್ ಸೆನ್ಸರನ್ನು ಅಲ್ಲಿಗೇ ಹೊಂದಿಸಿ.

ಪೂರ್ತಿ ಥ್ರಾಟಲ್‌ನಲ್ಲಿ ಮೂರು ನಾಲ್ಕು ಸಲ ಎಳೆದ ಮೇಲೆ ಎಂಜಿನ್ ನಿಲ್ಲಿಸಿ, ಆರಿದ ಮೇಲೆ ಪ್ಲಗ್ ಬಿಚ್ಚಿ, ಭೂತಗನ್ನಡಿ ಹಿಡಿಯಿರಿ. ಪಿಂಗಾಣಿ ತಿಳಿ ಕಂದು ಬಣ್ಣದಲ್ಲಿದ್ದರೆ ಸರಿ. ಬಿಳಿ ಪಿಂಗಾಣಿಯ ಮೇಲೆ ಕಾಳುಮೆಣಸಿನ ಪುಡಿ ಉದುರಿದಂಥ ಕಪ್ಪು ಚುಕ್ಕೆ, ಅಥವಾ ಸಾಸಿವೆಗಿಂತ ಸಣ್ಣ ಹೊಳೆಯುವ ಗುಂಡುಗಳು ಕಂಡರೆ ಅದು ನಾಕಿಂಗ್ ಕಿತ್ತು ತಂದ ಪಿಸ್ಟನ್ನಿನ ಅಲ್ಯೂಮಿನಿಯಂ. ಟೈಮಿಂಗ್ ಇನ್ನೆರಡು ಡಿಗ್ರಿ ಎಳೆದು, ಹೊಸ ಪ್ಲಗ್ ಹಾಕಿ ಮತ್ತೆ ನೋಡಿ. 1000 ಕಿ.ಮೀ. ಆದ ಮೇಲೆ ಕಂಪ್ರೆಶನ್ ಗೇಜನ್ನು ಮತ್ತೆ ಹೊರತೆಗೆಯಿರಿ: ಹೊಸ ರೇಶಿಯೊದಲ್ಲಿ ಅಂಕಿಗಳು ಮೊದಲಿಗಿಂತ ಕಡಿಮೆ ಇರುವುದು ಸಹಜ, ನಾಲ್ಕು ಸಿಲಿಂಡರಿನ ನಡುವಿನ ಅಂತರ ಮಾತ್ರ ಬೆಳೆದಿರಬಾರದು.